ಏದುಸಿರು ಬಾರದ ತಮ್ಮ

ನಮ್ಮ ಲ್ಯಾಬಿನಲ್ಲಿ ಜನರಿಗೆ ಉಸಿರು ಕಟ್ಟಿಸುವುದೇ ಕೆಲಸ. ಹೀಗೆ ಹೇಳಿದರೆ ಕೇಳಿದವರು ಹೌಹಾರುತ್ತಾರೆ. ಆ ಮುಖ ನೋಡುವ ಆಸೆಗೇ ನಾನು ಮೊದಲು ಹೀಗೆ ಹೇಳಿ ಆಮೇಲೆ ವಿವರಿಸುತ್ತೇನೆ. ಮೆಟ್ಟಿಲು ಹತ್ತಿದ ಮೇಲೆ 'ಉಸ್ಸಪ್ಪಾ, ಜೀವ ಹೋಯ್ತು' ಅನ್ನಿಸುತ್ತದಲ್ಲ, ಆ ಸಂಕಟ ಎಲ್ಲಿ ಹುಟ್ಟುತ್ತದೆ, ಒಬ್ಬರಿಗೆ ಹೆಚ್ಚು ಇನ್ನೊಬ್ಬರಿಗೆ ಕಡಿಮೆ ಯಾಕೆ ಅನ್ನಿಸುತ್ತದೆ ಎಂಬುದೇ ನಮ್ಮ ಸಂಶೋಧನೆ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಡುತ್ತೇವೆ. ಕೊಳವೆಯ ಗಾಳಿಗೆ ಸ್ವಲ್ಪಸ್ವಲ್ಪವೇ ಇಂಗಾಲದ ಡೈಆಕ್ಸೈಡ್ ಬೆರೆಸುತ್ತಾ ಹೋಗುತ್ತೇವೆ. ಆಮ್ಲಜನಕ ಧಾರಾಳವಾಗಿಯೇ ಇರುತ್ತದೆ. ಆದರೂ ಎದೆಯೊಳಗೆ ಯಾರೋ ಕೂತು 'ಗಾಳಿ, ಗಾಳಿ' ಎಂದು ಬೊಬ್ಬೆ ಹಾಕತೊಡಗುತ್ತಾರೆ. ಬಾಯಲ್ಲಿ ಕೊಳವೆ ಇರುವಾಗ ಮಾತಾಡಲು ಬರುವುದಿಲ್ಲ, ಹಾಗಾಗಿ ಕಷ್ಟ ಎಷ್ಟೆಂದು ಬೆರಳಲ್ಲಿ ತೋರಿಸಬೇಕು. ಮುಷ್ಟಿ ಎಂದರೆ ಏನೂ ಇಲ್ಲ. ಹತ್ತೂ ಬೆರಳು ಎಂದರೆ ಸಾಕಪ್ಪಾ, ತೆಗೀರಿ.

ಉಸಿರಿನ ಏರಿಳಿತ ತೋರಿಸುವ ಪರದೆಯೊಂದಿದೆ. ಬೆರಳು ಎಣಿಸುವವರು ಅದನ್ನು ನೋಡುವಂತಿಲ್ಲ. ನೋಡಿದರೆ ನಮ್ಮ ಮುಖ ಏನೋ ಹೇಳಿಬಿಡುತ್ತದೆ, ಕೂತವರ ಉತ್ತರ ಕೆಡುತ್ತದೆ. ಅದಕ್ಕೇ ಪರದೆಯನ್ನು ಆಚೆಗೆ ತಿರುಗಿಸಿಟ್ಟು, ಅದನ್ನು ಕಾಯಲೆಂದೇ ಇನ್ನೊಬ್ಬರನ್ನು ಆ ಬದಿಗೆ ಕೂರಿಸುತ್ತೇವೆ. ಅವತ್ತು ಆ ಇನ್ನೊಬ್ಬರು ರಜೆ ಹಾಕಿದ್ದರು.

ಕೊಳವೆಗೆ ಹೊಸ ಕವಾಟ ಜೋಡಿಸಿದಾಗ ಮೊದಲು ನಮ್ಮ ನಮ್ಮ ಮನೆಯವರನ್ನೇ ಕುರ್ಚಿಗೆ ಎಳೆದು ತರುವುದು ಲ್ಯಾಬಿನ ರೂಢಿ. ಹೊರಗಿನವರು ದಾಕ್ಷಿಣ್ಯಕ್ಕೆ ಸುಳ್ಳು ಬೆರಳು ತೋರಿಸುತ್ತಾರೆ. ಮನೆಯವರಿಗೆ ಎಂಥ ದಾಕ್ಷಿಣ್ಯ? ಆ ಮಧ್ಯಾಹ್ನ ನನ್ನ ಕೈಗೆ ಸಿಕ್ಕಿಬಿದ್ದವನು ತಮ್ಮ. ಅವನು ಲಿಫ್ಟ್ ರಿಪೇರಿ ಮಾಡುವವನು, ನಮ್ಮ ಕಟ್ಟಡದ ಲಿಫ್ಟು ಕೆಟ್ಟು ನಿಂತಿದ್ದರಿಂದ ಬಂದಿದ್ದ. ಯಾವುದಕ್ಕೂ ಗಡಿಬಿಡಿ ಮಾಡದ ಅವನನ್ನು ಮನೆಯಲ್ಲಿ ಮಹಾರಾಜ ಎನ್ನುತ್ತೇವೆ. ಭಾರದ ಚೀಲ ಹೊತ್ತು ಕೊನೆಯ ಮಹಡಿಗೆ ನಡೆದೇ ಬಂದವನು, ಬಾಗಿಲಲ್ಲಿ ನಿಂತು, ಚೂರೂ ಏದುಸಿರಿಲ್ಲದೆ, "ಅಕ್ಕಾ, ಕುಡಿಯೋಕೆ ನೀರು ಕೊಡೇ" ಅಂದ.

"ನೀರು ಆಮೇಲೆ. ಬಾ, ಕೂತ್ಕೋ. ಸ್ವಲ್ಪ ಹೊತ್ತು ನಿನಗೆ ಉಸಿರು ಕಟ್ಟಿಸ್ತೀನಿ."

"ಹುಟ್ಟಿದಾಗಿಂದ ಅದನ್ನೇ ಮಾಡ್ತಿದೀಯಲ್ಲ," ಎಂದು ನಗುತ್ತಾ ಕೂತ.

ಮೊದಲ ಮಿಶ್ರಣಕ್ಕೆ ಮುಷ್ಟಿ ತೋರಿಸಿದ. ಎರಡನೆಯದಕ್ಕೂ ಮುಷ್ಟಿ. ಮೂರನೆಯದಕ್ಕೆ ಎಂಥ ಗಟ್ಟಿಗರೂ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಮಹಾರಾಜ ಮುಷ್ಟಿ ತೋರಿಸಿದ್ದಲ್ಲದೆ ಕಣ್ಣು ಬೇರೆ ಹೊಡೆದ. ನನಗೆ ರೇಗಿಹೋಯಿತು. ಇಂಥ ಗಂಡಸರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಒಳಗೆ ಪ್ರಾಣ ಬಾಯಿಗೆ ಬಂದಿರುತ್ತದೆ, ಮೀಸೆ ಮಾತ್ರ ಇಳಿಯುವುದಿಲ್ಲ. ಕವಾಟ ಸೋರುತ್ತಿದೆಯೇ ಎಂದು ನೋಡಿದೆ, ಸೋರುತ್ತಿರಲಿಲ್ಲ. ಬೆರಳಿಗೆ ಸಿಕ್ಕಿಸಿದ್ದ ಮೀಟರು ಆಮ್ಲಜನಕ ಭರ್ತಿಯಾಗಿದೆ ಎನ್ನುತ್ತಿತ್ತು.

"ಅಕ್ಕನ ಮುಂದೇನೇ ಜಂಬ ಕೊಚ್ಚಿಕೊಳ್ತೀಯೇನೋ? ಇರು, ಮಾಡ್ತೀನಿ ನಿನಗೆ," ಎಂದು ಕೊನೆಯ ಸಿಲಿಂಡರಿಗೆ ತಿರುಗಿಸಿದೆ. ಅದನ್ನು ಹೆಚ್ಚು ಹೊತ್ತು ತಡೆದುಕೊಂಡವರನ್ನು ನಾನು ಕಂಡಿಲ್ಲ. ಅವನು ಆರಾಮಾಗಿ ಕಾಲು ಚಾಚಿದ. ಮುಷ್ಟಿ ಹಾಗೇ ಇತ್ತು. ನಾನೂ ಹಟ ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು, ಬೆರಳು ಒಂದೊಂದಾಗಿ ಹೊರಬಂದವು.

"ಬಂದೆಯಾ ದಾರಿಗೆ!" ಎಂದು ಖುಷಿಯಿಂದ ಐದು ಎಂದು ಬರೆದುಕೊಂಡೆ.

ಅಷ್ಟರಲ್ಲಿ ನಮ್ಮ ಮುಖ್ಯಸ್ಥೆ ಒಳಗೆ ಬಂದರು. ಎಲ್ಲರನ್ನೂ ಚುಚ್ಚುತ್ತಾರೆಂದು ಬೆನ್ನ ಹಿಂದೆ ನಾವು ಅವರನ್ನು ಗುಂಡುಸೂಜಿ ಅನ್ನುತ್ತೇವೆ. ಬಂದದ್ದು ಪರದೆಯ ಬದಿಯ ಬಾಗಿಲಿನಿಂದ. ಏನೋ ಚುಚ್ಚುಮಾತು ಆಡಲು ಬಾಯಿ ತೆರೆದವರು ಹಾಗೇ ನಿಂತರು.

"ಇವರು ಉಸಿರಾಡ್ತಾ ಇದಾರೇನ್ರೀ? ತೆಗೀರಿ ಅದನ್ನ. ತೆಗೀರಿ ಅಂದೆ!"

ಕೊಳವೆ ಕಿತ್ತೆ. ತಮ್ಮನ ತಲೆ ಪಕ್ಕಕ್ಕೆ ವಾಲಿತು. ಬಿಚ್ಚಿಕೊಂಡಿದ್ದ ಕೈ ಎಣಿಸುತ್ತಿರಲಿಲ್ಲ, ಸೋತು ಜೋತುಬಿದ್ದಿತ್ತು. ಮುಖ್ಯಸ್ಥೆ ಅವನ ಕೆನ್ನೆಗೆ ಪಟಪಟ ಬಡಿದು, "ಉಸಿರು ತಗೊಳ್ಳಿ, ಜೋರಾಗಿ ತಗೊಳ್ಳಿ" ಎಂದು ಕೂಗಿದರು. ಹೇಳಿದ ಹಾಗೆ ಕೇಳುವ ಮಗುವಿನಂತೆ ಅವನು ಉಸಿರೆಳೆದುಕೊಂಡ. ಇನ್ನೂ ನಾಲ್ಕಾರು ಸಲ ಎಳೆದ ಮೇಲೆ ಕಣ್ಣು ಬಿಟ್ಟ.

"ಒಳ್ಳೇ ನಿದ್ದೆ ಬಂದ್ಬಿಟ್ಟಿತ್ತು ಕಣೇ," ಅಂದ. "ಮುಗೀತಾ?"

ನಾನು ಪರದೆಯನ್ನು ನನ್ನ ಕಡೆಗೆ ತಿರುಗಿಸಿದೆ. ಮಿಶ್ರಣ ಏರಿದಂತೆ ಬೇರೆಯವರಲ್ಲಿ ಗುಡ್ಡದ ಹಾಗೆ ಏಳುವ ಗೆರೆ ಅವನಲ್ಲಿ ಮೊದಲಿನಿಂದ ಕೊನೆಯವರೆಗೆ ನೆಲಕ್ಕೆ ಅಂಟಿಕೊಂಡಿತ್ತು. ಅವನು ಜಂಬ ಕೊಚ್ಚಿರಲಿಲ್ಲ. ಅವನಿಗೆ ನಿಜಕ್ಕೂ ಏನೂ ಅನ್ನಿಸಿರಲಿಲ್ಲ. ಮೈಯಲ್ಲಿ ಆ ಕೂಗೇ ಇಲ್ಲದ ಜನ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆಂದು ಓದಿದ್ದೆ, ನಾಲ್ಕು ಜನರ ಮುಂದೆ ನಿಂತು ಭಾಷಣವನ್ನೂ ಬಿಗಿದಿದ್ದೆ. ಅಂಥವನ ಜೊತೆಗೇ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ತಟ್ಟೆಗೆ ಜಗಳವಾಡಿ ಬೆಳೆದಿದ್ದೆ ಎಂದು ಮಾತ್ರ ಗೊತ್ತಿರಲಿಲ್ಲ.

ಮುಖ್ಯಸ್ಥೆ ಸ್ಟೂಲು ಎಳೆದುಕೊಂಡು ಅವನ ಎದುರು ಕೂತರು. "ಯಾವತ್ತಾದ್ರೂ ಆಪರೇಷನ್ ಆಗಿತ್ತಾ?"

"ಚಿಕ್ಕೋನಿದ್ದಾಗ ಅಪೆಂಡಿಕ್ಸ್‌ದು ಆಗಿತ್ತು. ಮತ್ತಿನ ಮದ್ದು ಕೊಟ್ಟೋರು ಆಮೇಲೆ ನನ್ನ ಎಬ್ಬಿಸೋಕಾಗ್ದೆ ಪಟ್ಟ ಪಾಡು ಅಷ್ಟಿಷ್ಟಲ್ವಂತೆ," ಅಂದ ಹೆಮ್ಮೆಯಿಂದ.

"ಮಕ್ಕಳಿದಾರಾ?"

"ಒಬ್ಳು ಮಗಳು. ಇನ್ನೂ ಹಸುಗೂಸು. ಚಿನ್ನದಂಥ ಮಗು ಮೇಡಂ, ಒಂದು ದಿನಾನೂ ನಮ್ಮ ನಿದ್ದೆ ಕೆಡಿಸಿಲ್ಲ. ಮಲಗಿದ್ರೆ ಮಲಗಿದ್ಲು, ಮಿಸುಕಾಡೋದೂ ಇಲ್ಲ."

ಮುಖ್ಯಸ್ಥೆ ಅವನ ಮುಖದಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಅವರು ಬಾಯಿ ಬಿಡುವ ಮೊದಲೇ ನನಗೆ ಅರ್ಥವಾಯಿತು. ಇದು ರಕ್ತದಲ್ಲಿ ಇಳಿದುಬರುವ ಕಾಯಿಲೆ. ಅಪ್ಪನಲ್ಲಿ ಅರೆಬರೆಯಾಗಿ ಅಡಗಿದ್ದದ್ದು ಮಗುವಿಗೆ ಪೂರ್ತಿಯಾಗಿ ಬರಬಹುದು. ಅಂಥ ಮಗು ಎಚ್ಚರವಿದ್ದಾಗ ಎಲ್ಲರಂತೆ ಉಸಿರಾಡುತ್ತದೆ. ಮಲಗಿದಾಗ ಉಸಿರಾಡುವುದನ್ನು ಮರೆಯುತ್ತದೆ.

ಅಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ತಮ್ಮನ ಹೆಂಡತಿಗೆ ಮಾಡಿದೆ, ಅವಳೂ ಎತ್ತಲಿಲ್ಲ. "ಪುಟ್ಟಿ ಮಲಗೋ ಹೊತ್ತು. ಫೋನೆಲ್ಲ ಸದ್ದು ಬರದ ಹಾಗೆ ಮಾಡಿ ಒಳಗಿಟ್ಟಿರ್ತಾರೆ," ಅಂದ ತಮ್ಮ. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. ಮೆಟ್ಟಿಲಿಳಿಯುತ್ತಾ ಮುಖ್ಯಸ್ಥೆ ವಿವರಿಸಿದರು. ಕೊನೆಯ ಮೆಟ್ಟಿಲಲ್ಲಿ ಅವನು ಚೀಲ ಕೆಳಗೆ ಬಿಟ್ಟ, ಸ್ಪಾನರುಗಳೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಮಹಾರಾಜ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಖ್ಯಸ್ಥೆಯೇ ಕಾರು ಓಡಿಸಿದರು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನಾನು ಮನಸ್ಸಿನಲ್ಲೇ ದೀಪಕ್ಕೆ ಶಾಪ ಹಾಕುತ್ತಿದ್ದೆ. ಮನೆ ತಲುಪಿ ಕರೆಗಂಟೆ ಒತ್ತಿದರೆ ಸದ್ದಿಲ್ಲ. ಮೊಮ್ಮಗಳ ನಿದ್ದೆ ಕೆಡುತ್ತದೆಂದು ಅಮ್ಮ ಅದರ ಸೆಲ್ಲು ತೆಗೆದಿಟ್ಟಿದ್ದಳು. ತಮ್ಮ ಎರಡೂ ಕೈಯಿಂದ ಬಾಗಿಲು ಬಡಿದ.

ಬಾಗಿಲು ತೆರೆದ ಅಮ್ಮನ ಕಣ್ಣು ಕೆಂಡವಾಗಿತ್ತು, ದನಿ ಮಾತ್ರ ಪಿಸುಮಾತು. "ಮನೆಗೇನು ಬೆಂಕಿ ಬಿದ್ದಿದ್ಯೇನೋ? ಈಗಷ್ಟೇ ಮಲಗಿಸಿದೀನಿ!"

ಅವಳನ್ನು ತಳ್ಳಿಕೊಂಡೇ ಒಳಗೆ ನುಗ್ಗಿದೆವು. ಕೋಣೆ ಕತ್ತಲಾಗಿತ್ತು. ತೊಟ್ಟಿಲ ಪಕ್ಕ ನೆಲದ ಮೇಲೆ ಮಲಗಿದ್ದ ತಮ್ಮನ ಹೆಂಡತಿ ಗಾಬರಿಯಿಂದ ಎದ್ದು ಕೂತಳು. ನಾನು ಕಿಟಕಿಯ ಪರದೆ ಸರಿಸಿದೆ. ಬೆಳಕು ತೊಟ್ಟಿಲ ಮೇಲೆ ಬಿತ್ತು. ಪುಟ್ಟಿಯ ತುಟಿ ನೀಲಿಯಾಗಿತ್ತು, ಉಗುರುಗಳೂ ನೀಲಿ. ಎದೆ ಅಲುಗುತ್ತಿರಲಿಲ್ಲ. ನೋಡುತ್ತಿದ್ದ ಹಾಗೇ ಒಮ್ಮೆ ತೆಳ್ಳಗೆ ಎದ್ದು ಇಳಿಯಿತು, ಮತ್ತೆ ನಿಂತಿತು. ಮುಖದಲ್ಲಿ ಸಂಕಟದ ಗುರುತೇ ಇರಲಿಲ್ಲ, ಒಂದು ಗೆರೆಯೂ ಗಂಟಾಗಿರಲಿಲ್ಲ. ಇಷ್ಟು ವರ್ಷ ಸಂಕಟಪಡುವ ಮುಖಗಳನ್ನೇ ನೋಡಿಕೊಂಡು ಬಂದ ನನಗೆ ಆ ನೆಮ್ಮದಿಯ ಮುಖವೇ ಎಲ್ಲಕ್ಕಿಂತ ಭಯ ಹುಟ್ಟಿಸಿತು.

ಲ್ಯಾಬಿನಿಂದ ತಂದಿದ್ದ ಮೀಟರನ್ನು ಪುಟ್ಟ ಪಾದಕ್ಕೆ ಸಿಕ್ಕಿಸಿದೆ. ತೊಂಬತ್ತೈದರ ಮೇಲಿರಬೇಕಾದ ಆಮ್ಲಜನಕವನ್ನು ಎಪ್ಪತ್ತರ ಕೆಳಗೆ ತೋರಿಸಿತು, ನೋಡನೋಡುತ್ತಾ ಇನ್ನೂ ಇಳಿಯಿತು. ಮುಖ್ಯಸ್ಥೆ ಮಗುವನ್ನೆತ್ತಿ ಅಂಗಾಲಿಗೆ ಬೆರಳಿನಿಂದ ಫಟ್ಟನೆ ಹೊಡೆದರು. ಪುಟ್ಟಿ ಬೆಚ್ಚಿಬಿದ್ದು, ಬಾಯಿ ತೆರೆದು, ಉಸಿರೆಳೆದು, ಕಿಟಾರನೆ ಕಿರುಚಿದಳು. ಅಳುತ್ತಾ ಹೋದ ಹಾಗೆ ಮೀಟರಿನ ಅಂಕಿ ಏರಿತು, ತುಟಿಗೆ ಕೆಂಪು ಬಂತು.

"ಎಳೇ ಮಗೂನ ಹೊಡೀತೀರಲ್ಲಾ, ಮನುಷ್ಯರೇನ್ರೀ ನೀವು?" ಎಂದು ಅಮ್ಮ ಕಿತ್ತುಕೊಳ್ಳಲು ಬಂದಳು. ತಮ್ಮ ಅವಳ ಎರಡೂ ಕೈ ಹಿಡಿದುಕೊಂಡು, "ಅಮ್ಮಾ, ಅವಳು ಉಸಿರಾಡ್ತಿರ್ಲಿಲ್ಲಮ್ಮಾ" ಅಂದ.

ತಮ್ಮನ ಹೆಂಡತಿ ಅಳಲಿಲ್ಲ. ನೇರ ನನ್ನ ಮುಂದೆ ಬಂದು ನಿಂತಳು. "ಮೊನ್ನೆ ಕೇಳಿದ್ನಲ್ಲ ಅತ್ತಿಗೆ, ಮಲಗಿದಾಗ ಉಸಿರು ನಿಂತ ಹಾಗೆ ಅನ್ಸುತ್ತೆ ಅಂತ. ನೀವೇನಂದ್ರಿ? ಒದ್ದಾಡ್ತಾಳಾ, ಏದುಸಿರು ಬಿಡ್ತಾಳಾ ಅಂತ ಕೇಳಿದ್ರಿ. ಇಲ್ಲ ಅಂದೆ. ಹಾಗಾದ್ರೆ ಏನೂ ಇಲ್ಲ ಬಿಡು ಅಂದ್ರಿ."

ಏದುಸಿರನ್ನೇ ಅರೆದು ಕುಡಿದವಳು ನಾನು, ಅದನ್ನು ಬಿಟ್ಟು ಬೇರೇನು ಕೇಳಬೇಕೆಂದು ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

"ಜಗಳ ಆಮೇಲೆ ಆಡಿ," ಅಂದರು ಮುಖ್ಯಸ್ಥೆ. "ಆಸ್ಪತ್ರೇಲಿ ಉಸಿರಾಟದ ಯಂತ್ರ ಹಾಕೋವರೆಗೂ ಈ ಮಗು ಮಲಗೋ ಹಾಗಿಲ್ಲ. ಯಂತ್ರ ಹಾಕಿದ್ರೆ ಬದುಕ್ತಾಳೆ, ಬೆಳೀತಾಳೆ. ಅಲ್ಲೀವರೆಗೆ ಕಣ್ಣು ಮುಚ್ಚೋಕೆ ಬಿಡಬೇಡಿ."

ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆಯರ ನಡುವೆ ಸಿಕ್ಕಿಕೊಂಡು ನಾನು ಮೀಟರು ಹಿಡಿದಿದ್ದೆ. ಮುಂದೆ ಕೂತ ತಮ್ಮ ಪೂರ್ತಿ ಹಿಂದಕ್ಕೆ ತಿರುಗಿ ಮಗಳನ್ನೇ ನೋಡುತ್ತಿದ್ದ. ಪುಟ್ಟಿ ನಮ್ಮ ಅಮ್ಮನ ತೊಡೆಯ ಮೇಲಿದ್ದಳು. ಅತ್ತು ಅತ್ತು ದಣಿದಿದ್ದಳು, ಕಾರಿನ ಓಲಾಟ ಬೇರೆ. ರೆಪ್ಪೆ ಜೋಲಾಡತೊಡಗಿತು. ಅಮ್ಮನಿಗೆ ಅಭ್ಯಾಸಬಲ, ತೊಡೆ ತಾನಾಗಿ ಅಲುಗಿತು, ಜೋಗುಳದ ದನಿ ಗಂಟಲಿಗೆ ಬಂತು. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಒಂದೂ ಎದುರುತ್ತರ ಕೊಡದ ಸೊಸೆ ನನ್ನ ಮೇಲಿಂದ ಕೈ ಚಾಚಿ ಅಮ್ಮನ ಬಾಯಿ ಗಟ್ಟಿಯಾಗಿ ಮುಚ್ಚಿದಳು.

ಅಮ್ಮ ಅವಳ ಮುಖ ನೋಡಿದಳು, ಮೀಟರು ನೋಡಿದಳು. ಅಂಕಿ ಇಳಿಯುತ್ತಿತ್ತು. ಮೊಮ್ಮಗಳ ಪಾದವನ್ನು ಕೈಗೆ ತೆಗೆದುಕೊಂಡು, ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತಾ, ಚಿವುಟಿದಳು. ಪುಟ್ಟಿ ಚೀರಿದಳು.

"ಇನ್ನೂ ಜೋರಾಗಿ ಚಿವುಟಿ ಅತ್ತೆ," ಅಂದಳು ತಮ್ಮನ ಹೆಂಡತಿ.