ಬೇರಿನ ಗೋಡೆ

"ಇದ್ಯಾಕಪ್ಪ, ಗೋಡೆ ಇಂಗೆ ಇಡ್ಲಿ ತರ ಮೆತ್ತಗಾಗ್ಬುಟ್ಟದೆ?"

ಅಗರದ ದೊಡ್ಡಬಸಮ್ಮ ಕೇಳಿದ್ದು ಯಾರನ್ನೂ ಅಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ವಿಭೂತಿಯ ಬೆರಳಿನಿಂದ ಒತ್ತಿದಳು. ಬೆರಳು ಒಳಗಿಳಿಯಿತು. ಗೋಡೆ ಒಡೆಯಲಿಲ್ಲ, ಬಿರುಕು ಬಿಡಲಿಲ್ಲ. ಬೆರಳನ್ನು ಸುತ್ತಿ ಹಿಡಿಯಿತು.

ಗೋಡೆಯಾಚೆ ಮೈದುನ ಶಿವರುದ್ರಸ್ವಾಮಿಯ ಮನೆ. ಮೈದುನ ಒಳ್ಳೆಯವನೇ, ಆದರೆ ಬಾಯಿ ಮುಚ್ಚುವವನಲ್ಲ. ಬೆಳಗಿನ ಲಿಂಗಪೂಜೆಗೆ ಒಂದು ಗಳಿಗೆ ಮೌನ ಸಿಕ್ಕುತ್ತಿದ್ದರೆ ಅದು ಈ ಮಣ್ಣುಗೋಡೆಯ ದಯೆ.

ನೋಡುತ್ತಿದ್ದಂತೆ ಗೋಡೆ ಉಬ್ಬಿ, ಒಂದು ಕೈ ಮೊಣಕೈವರೆಗೆ ಈಚೆ ಬಂತು. ಕೈಗೂ ಅದು ಹಿಡಿದ ಲೋಟಕ್ಕೂ ಮಣ್ಣಿನದೇ ತೆಳ್ಳನೆಯ ಪೊರೆ. ಪೊರೆ ಹರಿಯದೆಯೇ ಮಜ್ಜಿಗೆ ಜಿನುಗಿ ಬಸಮ್ಮನ ಚೊಂಬಿಗಿಳಿಯಿತು.

"ಅತ್ಗೆ, ಒಸಿ ಬೆಲ್ಲ ಇದ್ರೆ ಕೊಡಿ," ಎಂದಿತು ಗೋಡೆ, ಮೈದುನನ ದನಿಯಲ್ಲಿ.

ಬಸಮ್ಮ ಬೆಲ್ಲದಚ್ಚೊಂದನ್ನು ಗೋಡೆಗೆ ಒತ್ತಿದಳು. ಅದು ಕರಗಿ ಆಚೆ ಹೋಯಿತು. ಆಮೇಲೆ ಯಳಂದೂರಿನ ಕೃಷಿ ಕಚೇರಿಗೆ ಫೋನು ಮಾಡಿದಳು.

ಅರಿಶಿನದ ಬೇರಿಗೆಂದು ಶಿಲೀಂಧ್ರದ ಪುಡಿ ಕೊಟ್ಟಿದ್ದ ಕೃಷಿ ಸಹಾಯಕಿ ಪವಿತ್ರ ಓಡಿಬಂದಳು.

"ಅಮ್ಮಾ, ಪುಡಿ ಎಲ್ಲಿಗಾಕಿದ್ರಿ?"

"ನೀನೇ ಅಂದೆಯಲ್ಲವ್ವ, ಬೇರಿನ ಗೋಡೆ ಮೆತ್ತಗಾಯ್ತದೆ ಅಂತ. ನಮ್ಮನೇಲಿ ಬೇರಿರೋ ಗೋಡೆ ಇದೊಂದೆಯ. ಅರಳಿ ಬೇರು ನುಗ್ಗದೆ. ಅರಳೀನ ಕಡಿಯಾಗಿಲ್ವಲ್ಲ! ಮೆತ್ತಗಾದ್ರೆ ನೋಯಿಸ್ದೆ ಎಳ್ಕೊಬೋದು ಅಂತ ಬಳಿದೆ."

ಪವಿತ್ರ ಹಣೆ ಚಚ್ಚಿಕೊಂಡಳು. "ನಾನೇಳಿದ್ದು ಬೇರಿನೊಳಗಿನ ಜೀವಕೋಶದ ಗೋಡೆ! ಶಿಲೀಂಧ್ರ ಬಂದ್ರೆ ಬೇರು ತಾನಾಗೇ ಗೋಡೆ ಸಡಿಲ ಮಾಡಿ ದಾರಿ ಬಿಡ್ತದೆ, ಬಂದದ್ದರ ಸುತ್ತ ತೆಳ್ಳಗೆ ಪೊರೆ ಕಟ್ತದೆ. ಶಿಲೀಂಧ್ರ ಮಣ್ಣಿನ ಸಾರ ಕೊಡ್ತದೆ, ಬೇರು ಸಕ್ಕರೆ ಕೊಡ್ತದೆ."

"ಪೊರೆ ದಾಟಿ ಒಳಕ್ಕೆ ಬಂದ್ಬುಡ್ತದಾ?"

"ಇಲ್ಲಮ್ಮ, ಪೊರೆ ಆಚೇನೇ ಇರ್ತದೆ. ಬೇರು ಬಿಡಾಕಿಲ್ಲ."

"ಬೇರಿಗೂ ಪೂಜೆ ಇದ್ದಾತು," ಎಂದಳು ಬಸಮ್ಮ.

ಮೂರನೆಯ ದಿನ ಬೆಳಗ್ಗೆ, ಅಂಗೈಯಲ್ಲಿ ಲಿಂಗವಿಟ್ಟು ಕಣ್ಣು ಮುಚ್ಚಿದ್ದಾಗ ಗೋಡೆಯಲ್ಲಿ ಮೂಗು ಮೂಡಿತು, ಮೀಸೆ ಮೂಡಿತು, ಬಾಯಿಯೂ ಮೂಡಿತು.

"ಅತ್ಗೆ, ಕೊಳ್ಳೇಗಾಲದ ಬಸ್ಸು ಇವತ್ತೂ ಲೇಟಂತೆ! ಅಲ್ಲಾ, ಕೈ ಬಂತು, ಮೊಕ ಬಂತು, ಇನ್ನೇನದೆ? ಈ ಪೊರೆ ಒಂದ ಕಿತ್ತಾಕ್ಬುಡಿ. ಒಳಕ್ಕೇ ಬಂದು ಪೂಜೇಲಿ ನಿಮ್ಗೆ ಜೊತೆ ಕೂತ್ಕತೀನಿ."

ಬಸಮ್ಮ ಕಣ್ಣು ತೆರೆಯದೆ, ಬಲಗೈಯಿಂದ ತಡಕಾಡಿ ಬೆಲ್ಲದಚ್ಚೊಂದನ್ನು ಆ ಬಾಯಿಗೆ ಒತ್ತಿದಳು.

"ದಿನಾ ಬೆಲ್ಲ ಕೊಡ್ತೀನಿ ಕಣಪ್ಪ. ಪೊರೆ ಮಾತ್ರ ಕೀಳಾಕಿಲ್ಲ."