ಕರಡಿ ಸಮೇತ ಊಟ

ನನ್ನ ಅಳಿಯನ ಬಾಯಲ್ಲಿ ಕಾಡಿಗೆ ಕಾಡು ಅನ್ನುವ ಹೆಸರೇ ಇಲ್ಲ. ಅವನಿಗೆ ಅದು ‘ಪ್ರಾಡಕ್ಟು’. ರಾಷ್ಟ್ರೀಯ ಉದ್ಯಾನದ ವಸತಿಗೃಹ, ಊಟದ ಮನೆ, ಸಫಾರಿ ಬಸ್ಸು, ಕೊನೆಗೆ ಕಕ್ಕಸನ್ನೂ ಅರಣ್ಯ ಇಲಾಖೆಯವರು ಒಂದು ಕಂಪನಿಗೆ ಗುತ್ತಿಗೆ ಕೊಟ್ಟಾಗ, ಆ ಕಂಪನಿಯ ಮ್ಯಾನೇಜರಾಗಿ ಬಂದವನು ಅವನು. ಇಲಾಖೆಯ ಕಾಲ ಸ್ವರ್ಗವಾಗಿತ್ತು ಅಂತ ನಾನೇನೂ ಹೇಳುವುದಿಲ್ಲ. ಆಗ ಫ್ಯಾನು ತಿರುಗುತ್ತಿರಲಿಲ್ಲ, ಅನ್ನದಲ್ಲಿ ಕಲ್ಲು ಸಿಗುತ್ತಿತ್ತು, ಬಂದವರು ಬೈದುಕೊಂಡೇ ಹೋಗುತ್ತಿದ್ದರು. ಆದರೆ ಕರಡಿ ಕರಡಿಯಾಗಿತ್ತು.

ನಾನು ಅಲ್ಲಿ ಅಡುಗೆಯವಳು. ನಮ್ಮ ಯಜಮಾನರು ಅರಣ್ಯ ಇಲಾಖೆಯ ಗಾರ್ಡು. ಮಗಳು ವಸತಿಗೃಹದ ಕೌಂಟರಿನಲ್ಲಿ ಕೂತು ಬಂದವರಿಗೆ ರೂಮಿನ ಕೀಲಿ ಕೊಡುತ್ತಾಳೆ. ಮ್ಯಾನೇಜರು ಅವಳನ್ನು ಮೆಚ್ಚಿ ಮದುವೆಯಾದಾಗ ನಮ್ಮ ಕಾಲು ನೆಲದ ಮೇಲಿರಲಿಲ್ಲ. ಈಗ ಆ ಮಾತು ಬೇಡ.

ಕಾಡಿನೊಳಗೆ ಅಡುಗೆ ಮಾಡುವವರಿಗೆ ಮೊದಲ ಪಾಠ ಒಂದೇ. ಮುಸುರೆಯನ್ನು ಹಿತ್ತಲಿನ ಗುಂಡಿಗೆ ಸುರಿದು, ಮೇಲೆ ಮಣ್ಣು ಮುಚ್ಚಬೇಕು. ವಾಸನೆ ಹಿಡಿದು ಪ್ರಾಣಿ ಬರಬಾರದು, ಅಷ್ಟೇ. ಒಮ್ಮೆ ಮಳೆಗೆ ಆ ಮಣ್ಣು ಕೊಚ್ಚಿಹೋಗಿ, ಸಂಜೆ ಒಂದು ಕರಡಿ ಬಂದು ಗುಂಡಿಗೆ ಮೂತಿ ಹಾಕಿತು. ವರಾಂಡದಲ್ಲಿ ಉಣ್ಣುತ್ತಿದ್ದವರೆಲ್ಲ ತುತ್ತು ಬಿಟ್ಟು ಫೋನು ಎತ್ತಿದರು. ಆಗ ಅಳಿಯನ ಕಣ್ಣು ಹೊಳೆದದ್ದನ್ನು ನೋಡಬೇಕಿತ್ತು. ಮದುವೆಯ ದಿನವೂ ಅಷ್ಟು ಹೊಳೆದಿರಲಿಲ್ಲ.

ಮಾರನೆಯ ದಿನವೇ ಗುಂಡಿ ವರಾಂಡದ ಎದುರಿಗೆ ಬಂತು. ಇನ್ನು ಮಣ್ಣು ಮುಚ್ಚಬೇಡಿ ಅತ್ತೆ ಅಂದ. ಮುಸುರೆ ಸುರಿದ ಮೇಲೆ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯಬೇಕಂತೆ, ಕರಡಿ ಅತಿಥಿಗಳ ಊಟದ ಹೊತ್ತಿಗೆ ಸರಿಯಾಗಿ ಬರಬೇಕಲ್ಲ! ಬೋರ್ಡೂ ಬಂತು: ‘ಕಾಡಿನೊಂದಿಗೆ ಭೋಜನ’. ಊಟದ ರೇಟು ದುಪ್ಪಟ್ಟಾಯಿತು. ಕಂಪನಿಯ ದೊಡ್ಡವರು ಬಂದು ಅವನ ಬೆನ್ನು ತಟ್ಟಿ, ಹೊಟ್ಟೆ ತುಂಬ ತಿಂದು ಹೋದರು. ಕರಡಿ ಪಾಪ, ತಟ್ಟೆಯ ಸದ್ದು ಅಂದರೆ ಊಟ ಅಂತ ನಂಬಿಬಿಟ್ಟಿತು.

ಯಜಮಾನರು ಅಳಿಯನ ಜೊತೆ ಜಗಳವಾಡಿದರು. ಮೇಲಿನವರಿಗೆ ಹೇಳಿದರು. ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಆ ಕರಡಿ ಮರಿಯಾಗಿ ತಾಯಿಯ ಹಿಂದೆ ಓಡುತ್ತಿದ್ದಾಗಿನಿಂದ ಅವರು ನೋಡಿದವರು. ಒಂದು ದಿನ ಊಟಕ್ಕೆ ಕೂತಾಗ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದರು.

“ಮನುಷ್ಯರ ಭಯ ಬಿಟ್ಟ ಕರಡಿ ಉಳಿಯಲ್ಲ ಕಣೇ. ಇವತ್ತಲ್ಲ ನಾಳೆ ಅದಕ್ಕೆ ಗುಂಡು ಹಾಕು ಅಂತಾರೆ. ಹಾಕೋನು ನಾನು, ನಿನ್ನ ಅಳಿಯ ಅಲ್ಲ.”

ಅಷ್ಟರಲ್ಲಿ ಗುತ್ತಿಗೆಯ ಅವಧಿ ಮುಗಿಯುತ್ತ ಬಂತು. ಮುಂದುವರಿಸಬೇಕೋ ಬೇಡವೋ ಅಂತ ನೋಡಲು ಸಮಿತಿ ಬರುತ್ತದೆ ಅಂದಾಗ ಅಳಿಯನ ಜಂಬವೆಲ್ಲ ಇಳಿಯಿತು. ಕಾಡಿನ ಪ್ರಾಣಿಗೆ ಊಟ ಹಾಕುವುದು ಅಪರಾಧ ಅಂತ ಅವನಿಗೂ ಗೊತ್ತಿತ್ತಲ್ಲ. ಬೋರ್ಡು ಬಿಚ್ಚಿಸಿದ. ಗುಂಡಿಯ ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಹೂಕುಂಡ ಜೋಡಿಸಿದ. ಇವತ್ತು ಯಾರೂ ತಟ್ಟೆ ಬಡಿಯಕೂಡದು ಅಂತ ಅಡುಗೆಮನೆಗೆ ಬಂದು ಬೆರಳಾಡಿಸಿ ಹೋದ. ಎಲ್ಲರಿಗೂ ಸುದ್ದಿ ಮುಟ್ಟಿಸಿದ, ಕರಡಿಯೊಂದನ್ನು ಬಿಟ್ಟು.

ಸಮಿತಿಯವರು ವರಾಂಡದಲ್ಲಿ ಊಟಕ್ಕೆ ಕೂತರು. ಅವರಲ್ಲಿ ಅರಣ್ಯ ಇಲಾಖೆಯ ದೊಡ್ಡ ಸಾಹೇಬರು ಮತ್ತೊಮ್ಮೆ ಬಡಿಸಿಕೊಳ್ಳುತ್ತಿದ್ದರು. ಅಳಿಯ ಪಕ್ಕದಲ್ಲಿ ನಿಂತು, ನಾವು ಕಾಡಿಗೆ ಒಂದು ಗೀರೂ ಬೀಳದ ಹಾಗೆ ನೋಡಿಕೊಳ್ಳುತ್ತೇವೆ ಸರ್ ಅಂತ ಬೆಣ್ಣೆ ಹಚ್ಚುತ್ತಿದ್ದ. ಆಗ ಪೊದೆಯ ಅಂಚಿಗೆ ಕರಡಿ ಬಂತು. ಹೂಕುಂಡಗಳನ್ನು ಮೂಸಿತು. ಏನೂ ಸಿಗದೆ ತಿರುಗಿತು. ಸುಮ್ಮನಿದ್ದಿದ್ದರೆ ಹೋಗಿಯೇಬಿಡುತ್ತಿತ್ತು. ಆದರೆ ಅಳಿಯ ಸುಮ್ಮನಿರುವ ಪೈಕಿಯೇ? ಸಾಹೇಬರ ಮುಂದೆ ಶೌರ್ಯ ತೋರಿಸಬೇಕು ಅನ್ನಿಸಿತೋ, ಗಾಬರಿಯೋ, ಓಡಿಸುತ್ತೇನೆ ಅಂತ ಮೇಜಿನ ಮೇಲಿದ್ದ ಸ್ಟೀಲ್ ತಟ್ಟೆ ಎತ್ತಿಕೊಂಡು ಸೌಟಿನಿಂದ ಬಾರಿಸತೊಡಗಿದ.

ಕರಡಿ ತಿರುಗಿ ನೆಟ್ಟಗೆ ಅವನ ಕಡೆಗೇ ಬಂತು. ಅವನು ಇನ್ನೂ ಜೋರಾಗಿ ಬಾರಿಸಿದ. ಅದು ಇನ್ನೂ ಬೇಗ ಬಂತು. ಅಡುಗೆಮನೆಯ ಬಾಗಿಲಲ್ಲಿದ್ದ ನನಗೆ ನಗು ಬಂತು, ಸುಳ್ಳೇಕೆ ಹೇಳಲಿ. ಅದು ಮೆಟ್ಟಿಲು ಹತ್ತಿ ದೊಡ್ಡ ಸಾಹೇಬರ ತಟ್ಟೆಗೆ ಮೂತಿ ಇಟ್ಟಾಗ ನನ್ನ ನಗು ನಿಂತಿತು. ಸಾಹೇಬರು ಕುರ್ಚಿ ಹತ್ತಿ ನಿಂತಿದ್ದರು. ನಮ್ಮ ಶೂರ ಕುರ್ಚಿಯ ಹಿಂದೆ ಅಡಗಿದ್ದ.

ಗಲಾಟೆ ಕೇಳಿ ಯಜಮಾನರು ಬಂದರು. ಅಡುಗೆಮನೆಯಿಂದ ಅನ್ನದ ಪಾತ್ರೆ ಎತ್ತಿಕೊಂಡರು. ಅದನ್ನು ಕರಡಿಯ ಮೂಗಿನ ಮುಂದೆ ಹಿಡಿದು, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಮೆಟ್ಟಿಲಿಳಿದರು. ಕರಡಿ ಅವರ ಜೊತೆ ಇಳಿಯಿತು. ಇಬ್ಬರೂ ಮರಗಳ ನಡುವೆ ಮರೆಯಾದರು.

ಸಾಹೇಬರು ಕುರ್ಚಿಯಿಂದಿಳಿದು, ಈ ಕರಡಿ ಯಾಕೆ ಹೀಗೆ ಪಳಗಿದೆ ಅಂತ ಕೇಳಿದರು. ಅಳಿಯ ಬೆವರು ಒರೆಸಿಕೊಂಡ.

“ನೀವೇ ನೋಡಿದ್ರಲ್ಲ ಸರ್. ಆ ಗಾರ್ಡೇ ಅನ್ನ ಹಾಕಿ ಹಾಕಿ ಅಭ್ಯಾಸ ಮಾಡ್ಸಿದ್ದಾರೆ. ನಾನು ಎಷ್ಟು ಹೇಳಿದ್ರೂ ಕೇಳಲ್ಲ.”

ಇವನ ಬಾಯಿಗೆ ಮಣ್ಣು ಹಾಕ! ಜೀವ ಉಳಿಸಿದವರ ಮೇಲೆಯೇ ಗೂಬೆ ಕೂರಿಸಿದನಲ್ಲ. ನನ್ನ ಬಾಯಿ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಆದರೆ ಕೌಂಟರಿನಿಂದ ಓಡಿಬಂದಿದ್ದ ಮಗಳ ಮುಖ ನೋಡಿ ನಾಲಿಗೆ ಏಳಲಿಲ್ಲ. ಅವಳ ಸಂಸಾರ ಬೀದಿಗೆ ಬೀಳುವಂಥ ಮಾತನ್ನು ನಾನು ಹೇಗೆ ಆಡಲಿ? ಆಡಿದವಳು ಅವಳೇ.

“ಸುಳ್ಳು ಸರ್. ನಮ್ಮಪ್ಪ ಹಾಕಿಲ್ಲ, ಹಾಕ್ಸಿದ್ದು ಇವರು. ಆ ಹೂಕುಂಡ ತೆಗೆಸಿ ನೋಡಿ.”

ತೆಗೆಸಿದರು. ಎಲ್ಲರೂ ಮೂಗು ಮುಚ್ಚಿಕೊಂಡರು. ಸಾಹೇಬರು ಅಳಿಯನ ನೀರಿಳಿಸಿದರು. ಈ ಕಂಪನಿ ಬೇಡ, ಇನ್ನೊಂದು ಕಂಪನಿಗೆ ಕೊಡೋಣ ಅಂತ ಸಮಿತಿಯವರು ಅಲ್ಲೇ ಮಾತಾಡಿಕೊಂಡರು. ಇವರ ಬುದ್ಧಿ ಓಡುವುದೇ ಅಷ್ಟು ದೂರ. ಆದರೂ ಅಳಿಯನ ಸಪ್ಪೆ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು, ಮಗಳ ಮುಖ ನೋಡಿ ಮತ್ತೆ ಉರಿಯಿತು.

ಯಜಮಾನರು ಖಾಲಿ ಪಾತ್ರೆ ಹಿಡಿದು ವಾಪಸು ಬಂದರು. ಸಾಹೇಬರು ಅವರಿಗೆ ಭೇಷ್ ಅಂದರು. ಕಾರಿನ ಬಾಗಿಲು ತೆಗೆಯುತ್ತ ಇನ್ನೊಂದು ಮಾತನ್ನೂ ಹೇಳಿದರು.

“ಆ ಕರಡಿನ ಇನ್ನು ಬಿಡೋ ಹಾಗಿಲ್ಲಪ್ಪ. ನಾಳೆ ಬಂದ್ರೆ ಹೊಡೆದುಬಿಡು. ಜನರ ಸುರಕ್ಷತೆ ನೋಡ್ಬೇಕಲ್ಲ.”

ಮುಸುರೆ ಹಾಕಿಸಿದವನಿಗೆ ಬೈಗುಳ, ತಿಂದದ್ದಕ್ಕೆ ಗುಂಡು. ಥೂ, ಇವರ ನ್ಯಾಯಕ್ಕಿಷ್ಟು!

ಕಾರು ಹೋದ ಮೇಲೆ ಯಜಮಾನರು ಮೆಟ್ಟಿಲ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ಖಾಲಿ ಪಾತ್ರೆ ಇನ್ನೂ ಅವರ ಕೈಯಲ್ಲೇ ಇತ್ತು.

“ಪಾತ್ರೆ ಖಾಲಿ ಆದ್ಮೇಲೂ ನಾಯಿಮರಿ ಥರ ನನ್ನ ಹಿಂದೇನೇ ಬರ್ತಾ ಇತ್ತು ಕಣೇ,” ಅಂದರು. “ಕಲ್ಲು ಹೊಡೆದೆ. ಸ್ವಲ್ಪ ದೂರ ಹೋಗಿ ಕೂತ್ಕೊಂಡು ಕಾಯ್ತಾ ಇದೆ.”