ಬೊಂಡದ ಮರ

ನನ್ನ ಗಂಡ ಕಿಶೋರ ಮಕ್ಕಳ ಚಿತ್ರಪುಸ್ತಕಗಳಿಗೆ ಚಿತ್ರ ಬಿಡಿಸುತ್ತಾನೆ. ಹೀಗೆಂದರೆ ಮುಂಬಯಿ ಘಾಟ್ಕೋಪರ್‌ನ ನಮ್ಮ ಬಿಲ್ಡಿಂಗಿನವರು ಮೊದಲು ‘ಅಚ್ಛಾ’ ಅನ್ನುತ್ತಾರೆ, ಆಮೇಲೆ ಮೆಲ್ಲಗೆ ‘ಹೊಟ್ಟೆಪಾಡಿಗೆ ಏನು ಮಾಡ್ತಾರೆ’ ಅಂತ ಕೇಳುತ್ತಾರೆ. ಅವನು ದಿನವಿಡೀ ಮನೆಯಲ್ಲಿ ಕೂತು ಆನೆಗೆ ಚಡ್ಡಿ ತೊಡಿಸುತ್ತಾನೆ, ಮೊಸಳೆಯ ಹಲ್ಲುಜ್ಜಿಸುತ್ತಾನೆ. ನಾನು ಲೋಕಲ್ ಹಿಡಿದು ಫೋರ್ಟಿನ ಬ್ಯಾಂಕಿಗೆ ಹೋಗಿ ಬರುತ್ತೇನೆ. ಮನೆಯಲ್ಲಿ ಒಬ್ಬರಾದರೂ ದೊಡ್ಡವರಿರಬೇಕಲ್ಲ.

ಅವನಿಗೆ ಒಂದೇ ಕೊರಗು. ಇಂಗ್ಲಿಷ್, ಹಿಂದಿ, ಮರಾಠಿ ಪುಸ್ತಕಗಳಿಗೆಲ್ಲ ಬಿಡಿಸಿದ್ದಾನೆ, ಕನ್ನಡದಲ್ಲಿ ಒಂದೂ ಇಲ್ಲ. ವಿಜಯಪುರದಿಂದ ಬಂದ ಮನೆತನ, ಅವನು ಹುಟ್ಟಿದ್ದು ಮಾತ್ರ ಇಲ್ಲಿ. ‘ನಮ್ಮ ಭಾಷಾದಾಗ ಒಂದರೆ ಪುಸ್ತಕ ಆಗಲಿಲ್ಲಲ್ಲ ಸೌಮ್ಯಾ’ ಎಂದು ಆಗಾಗ ಹಲುಬುತ್ತಿದ್ದ. ಹಲುಬುವುದರಲ್ಲಿ ಅವನು ನಿಪುಣ.

ಕೊನೆಗೆ ಕೆಲಸ ಹುಡುಕಿಕೊಟ್ಟವಳು ನಾನೇ. ನಾನು ಮಧ್ಯಾಹ್ನ ಊಟ ಮಾಡುವುದು ಬ್ಯಾಂಕಿನ ಹಿಂದಿನ ಗಲ್ಲಿಯ ಉಡುಪಿ ಹೋಟೆಲಿನಲ್ಲಿ. ಅದರ ಮಾಲೀಕರು ಸೀನಣ್ಣ. ಒಂದು ದಿನ ಅವರು ದುಡ್ಡಿನ ಗಲ್ಲೆ ಬಿಟ್ಟು ಬಂದು ನನ್ನೆದುರು ಕೂತು ದುಃಖ ತೋಡಿಕೊಂಡರು. ಮಗಳ ಮಗಳು ಯಕ್ಷಿತಾಗೆ ಆರು ವರ್ಷ. ಶನಿವಾರ ಶಾಲೆಗೆ ರಜೆ, ಹೋಟೆಲಿಗೆ ಬರುತ್ತಾಳೆ. ಸೀನಣ್ಣ ತಮ್ಮ ಬಾಲ್ಯದ ಒಂದು ಘಟನೆಯನ್ನೇ ಕತೆ ಮಾಡಿ ಪ್ರತಿ ಸಲ ಹೇಳುತ್ತಾರೆ. ಅವಳ ಕಣ್ಣು ಮೊಬೈಲ್ ಮೇಲೆ, ಉತ್ತರ ಹಿಂದಿಯಲ್ಲಿ. ಕತೆ ಮುಗಿದದ್ದೇ ತಡ, ತಿನ್ನಲಿಕ್ಕೆ ಕೊಡಿ ಅನ್ನುತ್ತಾಳೆ. ಚಿತ್ರಪುಸ್ತಕ ಮಾಡಿಸಿದರೆ ಆ ಕತೆಯನ್ನು ನೋಡಿಯಾದರೂ ನೋಡಿಯಾಳು ಎಂಬುದು ಅವರ ಆಸೆ. ನಾನು ತಟ್ಟನೆ ಗಂಡನ ಹೆಸರು ಹೇಳಿದೆ.

ಕತೆಯನ್ನು ಅವರು ಗಲ್ಲೆಯಲ್ಲಿ ಕೂತೇ ವಾಯ್ಸ್ ಮೆಸೇಜ್ ಮಾಡಿ ಕಳಿಸಿದರು. ಅಜ್ಜಿಗೆ ಜ್ವರ. ಬಾಯಿಗೆ ಏನೂ ಸೇರುವುದಿಲ್ಲ. ಬೊಂಡ ಬೇಕು ಅಂದಳು. ನಾನು ಮರ ಹತ್ತಿದೆ. ಮರದ ತುಂಬ ಬೊಂಡ. ತಿರುಪಿದೆ, ತಿರುಪಿದೆ, ಧಡ್ ಅಂತ ಬಿತ್ತು. ಅಜ್ಜಿ ಬೊಂಡ ಕುಡಿದಳು. ಹೊಟ್ಟೆ ತಣ್ಣಗಾಯಿತು, ಜ್ವರ ಬಿಟ್ಟಿತು. ಇಷ್ಟೇ ಕತೆ. ನಡುನಡುವೆ ‘ನಾಲ್ಕನೇ ಟೇಬಲಿಗೆ ಇಡ್ಲಿ ವಡೆ’ ಎಂಬ ಕೂಗೂ ಇತ್ತು.

ಕಿಶೋರನಿಗೆ ರೋಮಾಂಚನವಾಯಿತು. ಬೋಂಡಾ ಬಿಡುವ ಮರ! ಹೋಟೆಲಿನವರಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು ಇಂಥ ಕತೆ ಎಂದು ಕುಣಿದಾಡಿದ. ಘಟನೆ ನಿಜ ಅಂತಾರಲ್ಲ ಎಂದರೆ, ಅಜ್ಜಂದಿರು ಹಾಗೆ ಹೇಳುವವರೇ ಎಂದು ನನ್ನ ಬಾಯಿ ಮುಚ್ಚಿಸಿದ. ನನಗೂ ಬೇರೆ ಅರ್ಥವೇನೂ ಹೊಳೆಯಲಿಲ್ಲ. ನಾನು ಧಾರವಾಡದವಳು, ನಮ್ಮ ಕಡೆ ಬೋಂಡಾ ಹುಟ್ಟುವುದು ಕಡಾಯಿಯಲ್ಲಿ.

‘ಬೊಂಡ ಕುಡಿದಳು’ ಎಂಬಲ್ಲಿ ಮಾತ್ರ ಸ್ವಲ್ಪ ಎಡವಿದೆವು. ಆದರೆ ಕಿಶೋರನ ಹತ್ತಿರ ಒಂದು ಸಿದ್ಧಾಂತವಿದೆ: ಬರೆದವರು ಬಿಟ್ಟದ್ದನ್ನು ಚಿತ್ರ ಬಿಡಿಸುವವನು ತುಂಬಬೇಕು, ಬರೆದಷ್ಟನ್ನೇ ಬಿಡಿಸಲು ಅವನ್ಯಾಕೆ ಬೇಕು. ಸೀನಣ್ಣ ಚಹಾ ಹೇಳುವುದನ್ನು ಮರೆತಿದ್ದಾರೆ ಎಂದು ತೀರ್ಮಾನಿಸಿ ಅಜ್ಜಿಯ ಕೈಗೆ ಒಂದು ಕಟಿಂಗ್ ಚಹಾದ ಗ್ಲಾಸು ಕೊಟ್ಟ.

ಮಾಡೆಲ್‌ಗೆ ಬೋಂಡಾ ಬೇಕೆಂದ. ಸೀನಣ್ಣನ ಹೋಟೆಲಿನಿಂದಲೇ ಪಾರ್ಸೆಲ್ ಕಟ್ಟಿಸಿಕೊಂಡು ಲೋಕಲ್ ಹತ್ತಿದೆ. ಕುರ್ಲಾದಲ್ಲಿ ನುಗ್ಗಿದ ಜನ ಅವನ್ನು ಚಪಾತಿ ಮಾಡಿಬಿಟ್ಟರು. ಚಪ್ಪಟೆ ಬೋಂಡಾ ಮರದಲ್ಲಿ ಬಿಡುವುದಿಲ್ಲ ಎಂದ ಮಹಾನುಭಾವ. ಮರುದಿನ ಮತ್ತೆ ತಂದೆ. ಬಿಡಿಸುವ ಮೊದಲೇ ಎರಡು ಮಾಡೆಲ್ ತಿಂದ. ಸೀನಣ್ಣನೋ, ಅಕ್ಕನಿಗೆ ನಮ್ಮ ಬೋಂಡ ಭಾರೀ ಇಷ್ಟವಾಗಿದೆ ಎಂದು ಚಟ್ನಿ ಹೆಚ್ಚು ಹಾಕಿಸುತ್ತಿದ್ದರು.

ಮರ ಮಾತ್ರ ಅದ್ಭುತವಾಗಿ ಬಂತು. ಎರಡು ಪುಟ ತುಂಬ ಹರಡಿದ ಕೊಂಬೆಗಳು, ಕರಿಬೇವಿನ ಎಲೆ, ಗೊಂಚಲು ಗೊಂಚಲಾಗಿ ಹೊಂಬಣ್ಣದ ಬೋಂಡಾ, ಚಟ್ನಿ ಬಟ್ಟಲು ಹಿಡಿದು ಕಾಯುವ ಅಳಿಲು. ನನ್ನ ಗಂಡ ಇಷ್ಟು ಚೆನ್ನಾಗಿ ಬಿಡಿಸಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಅವನಿಗೆ ಹೇಳಲಿಲ್ಲ, ತಲೆಗೇರುತ್ತದೆ.

ಊಟದ ಗದ್ದಲ ಮುಗಿದ ಹೊತ್ತಿಗೆ ಇಬ್ಬರೂ ಚಿತ್ರ ತೆಗೆದುಕೊಂಡು ಹೋಟೆಲಿಗೆ ಹೋದೆವು. ಸೀನಣ್ಣ ತಾವೇ ಟೇಬಲ್ ಒರೆಸಿ ಕನ್ನಡಕ ಹಾಕಿದರು. ಚಾಪೆಯ ಮೇಲೆ ಮಲಗಿದ ಅಜ್ಜಿಯನ್ನು ನೋಡಿ, ನಮ್ಮ ಅಜ್ಜಿಯೇ ಎಂದು ಖುಷಿಪಟ್ಟರು. ಪುಟ ತಿರುಗಿಸಿದರು. ಚಿತ್ರವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು.

“ಇದೆಂತ ಮಾರಾಯ್ರೆ, ಮರದಲ್ಲಿ?”

“ಬೋಂಡಾ ರೀ,” ಎಂದ ಕಿಶೋರ ಹೆಮ್ಮೆಯಿಂದ. “ನಿಮ್ಮ ಹೋಟೆಲಿಂದಽ.”

ಸೀನಣ್ಣ ಕನ್ನಡಕ ತೆಗೆದಿಟ್ಟರು. ತಮ್ಮ ಕರಾವಳಿಯ ಕಡೆ ಬೊಂಡ ಎಂದರೆ ಎಳನೀರು, ಮರ ಎಂದರೆ ತೆಂಗಿನಮರ ಎಂದು ಒಂದೊಂದೇ ಮಾತಾಗಿ ಹೇಳಿದರು. ನನಗೆ ರೇಗಿತು. ಎಳನೀರಿಗೆ ಎಳನೀರು ಅನ್ನಲಿಕ್ಕೆ ಏನು ಧಾಡಿ ಎಂದು ಕೇಳಿಯೇಬಿಟ್ಟೆ. ಅವರು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

“ಮುಂಬಯಿಯಲ್ಲಿ ಎಲ್ಲರಿಗೂ ನಾನು ಇಡ್ಲಿ ವಡೆಯವ. ಅದಕ್ಕೆ ಬೇಜಾರಿಲ್ಲ ಅಕ್ಕ,” ಎಂದರು. “ಆದ್ರೆ ಅಜ್ಜಿ ಅವತ್ತು ಸಾಯುವ ಹಾಗೆ ಇದ್ದಳು. ಆ ಕತೆಯೊಂದರಲ್ಲಿ ಹೋಟೆಲ್ ಇರಲಿಲ್ಲ.”

ಪುಸ್ತಕ ಬೇಡ, ಬಿಟ್ಟುಬಿಡಿ ಎಂದು ಎದ್ದರು. ಕಿಶೋರನ ಮುಖ ನೋಡಲಾಗಲಿಲ್ಲ. ಅವನು ಕೈಮುಗಿದು, ಇನ್ನೊಂದು ಸಲ ಬಿಡಿಸಿ ತರುತ್ತೇನೆ, ಆಗಲೂ ಒಗ್ಗದಿದ್ದರೆ ಬೇಡ ಎಂದು ಬೇಡಿಕೊಂಡ. ಸೀನಣ್ಣ ಹೂಂ ಅಂದರು, ಮನಸ್ಸಿಲ್ಲದೆ. ಮರುದಿನದಿಂದ ನಾನು ಮನೆಯಿಂದ ಡಬ್ಬಿ ಒಯ್ದೆ. ಯಾವ ಮುಖ ಹೊತ್ತು ಅಲ್ಲಿ ಉಣ್ಣಲಿ?

ಎರಡನೇ ಸಲದ ಚಿತ್ರಗಳು ಸರಿಯಾಗಿದ್ದವು. ತೆಂಗಿನಮರ, ಹಸಿರು ಗೊನೆ, ಮರ ಹತ್ತುವ ಹುಡುಗ, ಎಲ್ಲ ಸರಿ. ಕೊಬ್ಬರಿ ಎಣ್ಣೆಯ ಡಬ್ಬಿಯ ಮೇಲೆ ಅಂಟಿಸಬಹುದಿತ್ತು. ಕಿಶೋರನಿಗೂ ಅದು ಗೊತ್ತಿತ್ತು, ಅದಕ್ಕೇ ಹಳೆಯ ಚಿತ್ರಗಳನ್ನು ಅದೇ ಫೈಲಿನ ಅಡಿಯಲ್ಲಿ ಇಟ್ಟುಕೊಂಡೇ ಬಂದ.

ಅದು ಶನಿವಾರ. ಗಲ್ಲೆಯ ಪಕ್ಕದ ಸ್ಟೂಲಿನಲ್ಲಿ ಯಕ್ಷಿತಾ ಮೊಬೈಲ್ ಹಿಡಿದು ಕೂತಿದ್ದಳು. ಸೀನಣ್ಣ ಹೊಸ ಚಿತ್ರಗಳನ್ನು ನೋಡಿ ತಲೆಯಾಡಿಸಿ ಮೊಮ್ಮಗಳ ಮುಂದಿಟ್ಟರು. ಅವಳು ಒಂದೊಂದೇ ನೋಡಿದಳು.

“ಯೇ ಕೌನ್ ಸೀ ಸ್ಟೋರಿ ಹೈ?” ಎಂದಳು.

ಸೀನಣ್ಣನ ಮುಖ ಇಳಿದುಹೋಯಿತು. ನಾನು ಹೇಳುವ ಬೊಂಡದ ಕತೆಯಲ್ವಾ ಪುಟ್ಟ ಎಂದರು. ಇದರಲ್ಲಿ ಬೋಂಡಾ ಎಲ್ಲಿದೆ ಎಂದು ಅವಳು ಹಿಂದಿಯಲ್ಲೇ ವಾದಕ್ಕಿಳಿದು, ಬೇರೆ ಇದೆಯೇನೋ ಎಂದು ಫೈಲಿಗೆ ಕೈಹಾಕಿ ತಡಕಾಡಿದಳು. ಕಿಶೋರ ತಡೆಯುವ ಮೊದಲೇ ಹಳೆಯ ಚಿತ್ರಗಳೆಲ್ಲ ಹೊರಗೆ ಬಂದವು, ಮೇಲೆಯೇ ಬೋಂಡಾ ಮರ.

“ಅಜ್ಜಾ, ಯೇ ವಾಲೀ!”

ಮೊಬೈಲನ್ನು ಗಲ್ಲೆಯ ಮೇಲೆ ಇಟ್ಟಳು. ಚಿತ್ರದ ಮೇಲೆ ಬೆರಳಿಟ್ಟು ಶುರುಮಾಡಿದಳು. ಅಜ್ಜಿಗೆ ಜ್ವರ. ಬಾಯಿಗೆ ಏನೂ ಸೇರುವುದಿಲ್ಲ. ತಡವರಿಸುವ ಕನ್ನಡ, ಆದರೆ ಒಂದು ಮಾತೂ ತಪ್ಪಿಲ್ಲ. ಸೀನಣ್ಣನ ರಾಗ ಕೂಡ ಹಾಗೇ. ತಿರುಪಿದೆ, ತಿರುಪಿದೆ, ಧಡ್ ಅನ್ನುವಾಗ ಟೇಬಲಿಗೆ ಗುದ್ದಿದಳು. ಕೊನೆಯ ಪುಟದಲ್ಲಿ ಮಾತ್ರ ನಿಂತು, ಚಾಯ್ ಇತ್ತು ಅಂತ ನೀವು ಹೇಳಿರಲೇ ಇಲ್ಲ ಎಂದು ಅಜ್ಜನ ಮೇಲೆ ತಕರಾರು ತೆಗೆದಳು. ಮತ್ತೆ ಎಂದಿನಂತೆ ತಿನ್ನಲಿಕ್ಕೆ ಕೇಳಿದಳು. ಕೇಳಿದ್ದು ಬೋಂಡಾ.

“ಪ್ರತಿ ಸಲ ಅದನ್ನೇ ಕೇಳುವುದು ಇವಳು,” ಎಂದರು ಸೀನಣ್ಣ ಮೆಲ್ಲಗೆ. “ಹೊಟ್ಟೆಯದ್ದೇ ಧ್ಯಾನ ಅಂತ ಬೈತಿದ್ದೆ. ಇವಳು ಕೇಳ್ತಾ ಇದ್ದಳಲ್ಲ ಅಕ್ಕ, ಇಷ್ಟು ದಿನ.”

ಅವರ ಕಣ್ಣು ತುಂಬಿತು. ಕಿಶೋರನಂತೂ ಸರಿಯಾಗಿ ಅತ್ತ. ಅವನ ಪುಸ್ತಕ ಉಳಿಯಿತು ಅಂತಲೋ, ಅವಳಿಗಾಗಿಯೋ, ನಾನು ಕೇಳಲಿಲ್ಲ.

ಸೀನಣ್ಣ ಮೂಗು ಒರೆಸಿಕೊಂಡು ಮಾಲೀಕರಾದರು. ಹಳೆಯ ಮರವೇ ಇರಲಿ ಎಂದರು. ಚಹಾ ಮಾತ್ರ ತೆಗೆಯಬೇಕು, ಜ್ವರದವರಿಗೆ ಯಾರಾದರೂ ಚಹಾ ಕೊಡುತ್ತಾರಾ ಎಂದು ಗದರಿದರು.

“ಮತ್ತೆ ಇಷ್ಟು ಬೋಂಡದ ನಡುವೆ ಒಂದೇ ಒಂದು ನಮ್ಮ ಬೊಂಡ ಹಾಕಿ. ಹಸಿರಿನದ್ದು.”

ಒಂದೇ ಯಾಕೆ ಎಂದು ಕಿಶೋರ ಕೇಳಿದ.

“ಒಂದು ದಿನ ಕೇಳ್ತಾಳೆ, ಅದು ಎಂತ ಅಂತ. ಕೇಳಿದ್ರೆ ಅಲ್ವಾ ಹೇಳ್ಲಿಕ್ಕೆ?”

ಪುಸ್ತಕ ಅಚ್ಚಾಗಿ ಬಂತು. ಮುಖಪುಟದಲ್ಲಿ ಕನ್ನಡದಲ್ಲಿ ನನ್ನ ಗಂಡನ ಹೆಸರಿದೆ, ಅವನು ಅದನ್ನು ದಿನಕ್ಕೊಮ್ಮೆ ಓದುತ್ತಾನೆ. ಮೊದಲ ಪ್ರತಿ ಕೊಡಲು ಹೋದದ್ದು ಬ್ಯಾಂಕಿಗೆ ರಜೆಯಿಲ್ಲದ ಒಂದು ಶನಿವಾರ, ಊಟದ ಹೊತ್ತು, ಕಾಲಿಡಲು ಜಾಗವಿಲ್ಲ. ಯಕ್ಷಿತಾ ಸೀದಾ ಮರದ ಪುಟ ತೆಗೆದಳು. ಬೆರಳು ಬೋಂಡಾದಿಂದ ಬೋಂಡಾಕ್ಕೆ ಹಾರುತ್ತ ಹೋಗಿ ಹಸಿರಿನ ಮೇಲೆ ನಿಂತಿತು.

“ಅಜ್ಜ,” ಎಂದಳು, “ಇದೆಂತ?”

ಹಿಂದಿಯಲ್ಲಲ್ಲ. ಸೀನಣ್ಣ ಗಲ್ಲೆಗೆ ಬೀಗ ಹಾಕಿ ಅವಳ ಪಕ್ಕ ಕೂತರು. ಬಿಲ್ಲು ಹಿಡಿದವರ ಸಾಲು ಬಾಗಿಲ ತನಕ ಬೆಳೆಯಿತು, ಅದರಲ್ಲಿ ನಮ್ಮ ಮ್ಯಾನೇಜರೂ ಇದ್ದರು.